ಸುದ್ದಿಯಲ್ಲಿ ಕಾಣದ ಇರಾನ್: ಹೋಗುವ ಮುನ್ನ ತಿಳಿಯಬೇಕಾದ ದೇಶ

2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಹನ್ನೆರಡು ದಿನ ಯುದ್ಧ ನಡೆಯಿತು. ಆಗ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಎಷ್ಟೋ ಮನೆಗಳವರು ಫೋನು ಕೈಯಲ್ಲಿ ಹಿಡಿದು ಕೂತಿದ್ದರು. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಆ ಊರಿನಿಂದ ಮಕ್ಕಳು ಓದಲೆಂದು, ಹಿರಿಯರು ಯಾತ್ರೆಗೆಂದು ಇರಾನಿಗೆ ಹೋಗುವುದು ಹಳೆಯ ವಾಡಿಕೆ. ಭಾರತ ಸರ್ಕಾರ ‘ಆಪರೇಷನ್ ಸಿಂಧು’ ಹೆಸರಿನಲ್ಲಿ ಸಾವಿರಾರು ಜನರನ್ನು ಅಲ್ಲಿಂದ ಕರೆತಂದಿತು. ಟಿ.ವಿ. ನೋಡುತ್ತಿದ್ದ ಉಳಿದವರು ಕೇಳಿದ್ದು ಒಂದೇ ಮಾತು: ‘ಅಂಥ ದೇಶಕ್ಕೆ ಇವರೆಲ್ಲ ಯಾಕಾದರೂ ಹೋಗ್ತಾರೆ?’

‘ಅಂಥ ದೇಶ’ ಎಂದರೆ ಎಂಥ ದೇಶ? ಮರಳುಗಾಡು, ಕ್ಷಿಪಣಿ, ಕಪ್ಪು ಬಟ್ಟೆ. ನಮ್ಮಲ್ಲಿ ಬಹಳ ಜನರ ಚಿತ್ರ ಇಲ್ಲಿಗೇ ನಿಂತುಬಿಡುತ್ತದೆ. ಅದು ಪೂರ್ತಿ ಸುಳ್ಳಲ್ಲ, ಆದರೆ ತೀರಾ ಚಿಕ್ಕದು. ಆ ದೇಶದ ಗುರುತುಗಳು ನಮ್ಮ ತಾಲ್ಲೂಕು ಕಚೇರಿಯ ಮಾತಿನಲ್ಲೇ ಇವೆ. ಅದನ್ನು ಮೊದಲಿನಿಂದ ನೋಡಿಕೊಂಡು ಬರೋಣ.

ಪರ್ಷಿಯಾವೋ, ಇರಾನೋ?

ಎರಡೂ ಒಂದೇ. ದೇಶದ ದಕ್ಷಿಣಕ್ಕೆ, ಶಿರಾಜ್ ನಗರದ ಸುತ್ತ ಇರುವ ಪ್ರಾಂತ್ಯದ ಹಳೆಯ ಹೆಸರು ಪಾರ್ಸ್. ಅಲ್ಲಿಂದ ಎದ್ದ ರಾಜವಂಶ ದೊಡ್ಡ ಸಾಮ್ರಾಜ್ಯ ಕಟ್ಟಿದ್ದರಿಂದ ಗ್ರೀಕರು ಇಡೀ ದೇಶಕ್ಕೇ ಆ ಹೆಸರು ಹಚ್ಚಿದರು. ಅಲ್ಲಿನವರು ತಮ್ಮ ನಾಡನ್ನು ಕರೆದುಕೊಂಡಿದ್ದು ಇರಾನ್ ಎಂದೇ. ‘ಆರ್ಯರ ನಾಡು’ ಎಂಬುದು ಅದರ ಅರ್ಥ. ಹೊರದೇಶದವರೂ ಇದೇ ಹೆಸರು ಬಳಸಲಿ ಎಂದು 1935ರಲ್ಲಿ ಆಗಿನ ದೊರೆ ರೆಜಾ ಶಾ ಕೇಳಿಕೊಂಡ.

ಅರಬ್ಬಿಯಲ್ಲಿ ‘ಪ’ ಅಕ್ಷರ ಇಲ್ಲ. ಹಾಗಾಗಿ ಪಾರ್ಸ್ ಹೋಗಿ ಫಾರ್ಸ್ ಆಯಿತು, ಪಾರ್ಸಿ ಹೋಗಿ ಫಾರ್ಸಿ ಆಯಿತು. ಮುಂಬೈಯ ಪಾರ್ಸಿಗಳ ಹೆಸರೂ ಇರಾನಿನ ಭಾಷೆಯ ಹೆಸರೂ ಒಂದೇ ಬೇರಿನವು.

ವಿಸ್ತೀರ್ಣ ಸುಮಾರು 16.5 ಲಕ್ಷ ಚದರ ಕಿ.ಮೀ. ಎಂಟು ಕರ್ನಾಟಕಗಳನ್ನು ಜೋಡಿಸಿದರೂ ಇನ್ನಷ್ಟು ಜಾಗ ಮಿಗುತ್ತದೆ. ಅದೆಲ್ಲ ಮರಳು ಎಂದುಕೊಳ್ಳಬೇಡಿ. ಟೆಹ್ರಾನಿನ ನೆತ್ತಿಯ ಮೇಲೆ ಅಲ್ಬೋರ್ಜ್ ಪರ್ವತಸಾಲು ಇದೆ. ಅದರಲ್ಲಿ 5,600 ಮೀಟರ್ ದಾಟಿದ ದಮಾವಂದ್ ಶಿಖರ ಹಿಮ ಹೊದ್ದು ನಿಂತಿದೆ. ಆ ಬೆಟ್ಟ ದಾಟಿ ಉತ್ತರಕ್ಕೆ ಇಳಿದರೆ ಕ್ಯಾಸ್ಪಿಯನ್ ಕಡಲ ದಂಡೆಯ ಗೀಲಾನ್ ಪ್ರಾಂತ್ಯ. ಮಳೆ, ಭತ್ತದ ಗದ್ದೆ, ಟೀ ತೋಟ. ಮಲೆನಾಡಿನವರಿಗೆ ಪರಿಚಿತ ನೋಟ. ಗೀಲಾನ್ ಎಂಬ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಇರಾನಿಗಳು ಅರಬರಲ್ಲ

ಇರಾನಿನಲ್ಲಿ ಯಾರನ್ನಾದರೂ ಅರಬರೆಂದು ಕರೆದರೆ ಅವರು ನಯವಾಗಿಯೇ ತಿದ್ದುತ್ತಾರೆ, ಆದರೆ ತಿದ್ದದೆ ಬಿಡುವುದಿಲ್ಲ. ಅರಬ್ಬರು ಅಲ್ಲೂ ಇದ್ದಾರೆ, ಆದರೆ ಅವರು ಒಂದು ಸಣ್ಣ ಪಾಲು. ಅಜೆರಿ, ಕುರ್ದ್, ಲೂರ್, ಬಲೂಚ್, ತುರ್ಕಮೆನ್ ಜನಾಂಗಗಳೂ ಇವೆ. ಎಲ್ಲರಿಗೂ ಕೊಂಡಿಯಾಗಿರುವ ಭಾಷೆ ಫಾರ್ಸಿ.

ಗೊಂದಲಕ್ಕೆ ಕಾರಣ ಲಿಪಿ. ಫಾರ್ಸಿಯನ್ನು ಅರಬ್ಬಿ ಲಿಪಿಯಲ್ಲಿ, ತನಗೆ ಬೇಕಾದ ನಾಲ್ಕು ಅಕ್ಷರ ಹೆಚ್ಚಿಗೆ ಸೇರಿಸಿಕೊಂಡು ಬರೆಯುತ್ತಾರೆ. ಮರಾಠಿಯನ್ನೂ ಸಂಸ್ಕೃತವನ್ನೂ ದೇವನಾಗರಿಯಲ್ಲೇ ಬರೆದರೂ ಅವೆರಡೂ ಒಂದೇ ಭಾಷೆ ಆಗುವುದಿಲ್ಲವಲ್ಲ, ಹಾಗೆ. ಒಳಗಿನ ಭಾಷೆ ಸಂಸ್ಕೃತದ ದಾಯಾದಿ. ಪಿತೃ ಅಲ್ಲಿ ಪೆದರ್, ಮಾತೃ ಅಲ್ಲಿ ಮಾದರ್, ಭ್ರಾತೃ ಬರಾದರ್, ದುಹಿತೃ ದೊಖ್ತರ್. ಪಂಚ ಎಂದರೆ ಪಂಜ್. ಸಂಸ್ಕೃತದ ‘ಸ’ ಅಲ್ಲಿ ಅನೇಕ ಕಡೆ ‘ಹ’ ಆಗುತ್ತದೆ: ಸಪ್ತ ಹೋಗಿ ಹಫ್ತ್, ಸೋಮ ಹೋಗಿ ಹಓಮ, ಸಿಂಧು ಹೋಗಿ ಹಿಂದು. ವಾರಕ್ಕೊಮ್ಮೆ ಕಟ್ಟುವ ‘ಹಫ್ತಾ’ ಏಳು ದಿನದ ಲೆಕ್ಕದಿಂದ ಬಂದದ್ದು.

ಕನ್ನಡ ಬೇರೆ ಕುಟುಂಬದ ಭಾಷೆಯಾದರೂ ಬಹಮನಿ, ಆದಿಲ್‌ಶಾಹಿ, ಮೊಗಲ್, ಹೈದರ್-ಟಿಪ್ಪು ಕಾಲದ ಆಡಳಿತದ ಮೂಲಕ ಫಾರ್ಸಿ ಶಬ್ದಗಳು ನಮ್ಮಲ್ಲಿ ಬೇರುಬಿಟ್ಟಿವೆ. ಸರ್ಕಾರ, ಜಮೀನು, ರಸ್ತೆ, ಗುಮಾಸ್ತ, ಬಂದೋಬಸ್ತು, ಹಂಗಾಮಿ ಎಲ್ಲ ಅಲ್ಲಿಂದ ಬಂದವು. ಪೊಲೀಸರು ‘ದಸ್ತಗಿರಿ’ ಮಾಡಿದರು ಎನ್ನುತ್ತೇವೆ. ದಸ್ತ್ ಎಂದರೆ ಕೈ, ಗಿರಿ ಎಂದರೆ ಹಿಡಿಯುವುದು. ಉಮೇದುವಾರ ಎಂದರೆ ಆಸೆ ಇಟ್ಟುಕೊಂಡವನು. ‘ದಾರ್’ ಎಂದರೆ ಹೊಂದಿದವನು. ಅದನ್ನು ನಾವು ಅಚ್ಚಗನ್ನಡದ ಪಾಲಿಗೂ ಗುತ್ತಿಗೆಗೂ ಅಂಟಿಸಿ ಪಾಲುದಾರ, ಗುತ್ತಿಗೆದಾರ ಮಾಡಿಕೊಂಡಿದ್ದೇವೆ. ಗುಲಾಬಿಯಲ್ಲಿರುವುದು ಗುಲ್ ಮತ್ತು ಆಬ್, ಹೂವು ಮತ್ತು ನೀರು. ಕಾಶಾನ್ ಊರಿನ ಸುತ್ತ ಮೇ ತಿಂಗಳಲ್ಲಿ ಈಗಲೂ ತಾಮ್ರದ ಹಂಡೆಗಳಲ್ಲಿ ಗುಲಾಬಿ ನೀರು ಬಟ್ಟಿ ಇಳಿಸುತ್ತಾರೆ.

ಮೆಟ್ಟಿಲ ಮೇಲೆ ನಿಂತ ಭಾರತೀಯ

ಇರಾನಿನ ಪುರಾತನತೆ ಎಂದರೆ ಏನು ಎಂಬುದನ್ನು ಒಂದೇ ಜಾಗದಲ್ಲಿ ನೋಡಬೇಕೆಂದರೆ ಪರ್ಸೆಪೊಲಿಸ್‌ಗೆ ಹೋಗಬೇಕು. ಶಿರಾಜ್‌ನಿಂದ ಒಂದು ಗಂಟೆಯ ಹಾದಿ. ಸ್ಥಳೀಯರು ತಖ್ತೆ ಜಮ್ಶೀದ್ ಎನ್ನುತ್ತಾರೆ. ಕ್ರಿ.ಪೂ. 518ರ ಸುಮಾರಿಗೆ ದೊರೆ ಮೊದಲನೇ ದಾರಿಯವುಶ್ (ಡೇರಿಯಸ್) ಕಟ್ಟಿಸಲು ಶುರುಮಾಡಿದ ಈ ಅರಮನೆ ಸಂಕೀರ್ಣವನ್ನು ಕ್ರಿ.ಪೂ. 330ರಲ್ಲಿ ಅಲೆಕ್ಸಾಂಡರನ ಸೈನ್ಯ ಸುಟ್ಟಿತು. ಉಳಿದದ್ದು ಕಂಬಗಳು, ಬಾಗಿಲುಗಳು, ಮೆಟ್ಟಿಲುಗಳು.

ಆ ಮೆಟ್ಟಿಲುಗಳೇ ನೋಡಬೇಕಾದ್ದು. ಆಪಾದಾನ ಎಂಬ ಸಭಾಂಗಣದ ಪೂರ್ವದ ಮೆಟ್ಟಿಲ ಗೋಡೆಯ ಮೇಲೆ ಸಾಮ್ರಾಜ್ಯದ 23 ನಾಡುಗಳ ಜನ ಕಾಣಿಕೆ ಹೊತ್ತು ಸಾಲಾಗಿ ಬರುವ ಉಬ್ಬುಚಿತ್ರ ಇದೆ. ಒಂದು ನಾಡಿನವರಿಗೂ ಇನ್ನೊಂದು ನಾಡಿನವರಿಗೂ ನಡುವೆ ಒಂದೊಂದು ಸೈಪ್ರೆಸ್ ಮರ. ಅವರಲ್ಲಿ ಸಿಂಧೂ ಸೀಮೆಯ ಭಾರತೀಯರೂ ಇದ್ದಾರೆ. ಬರಿಮೈ, ಸೊಂಟಕ್ಕೆ ಸುತ್ತಿದ ಪಂಚೆ, ಹೆಗಲ ಮೇಲೆ ಅಡ್ಡೆ. ಆ ಅಡ್ಡೆಯ ಎರಡು ತುದಿಯಲ್ಲಿ ಬುಟ್ಟಿ, ಬುಟ್ಟಿಯೊಳಗೆ ಪುಟ್ಟ ಪುಟ್ಟ ಭರಣಿ. ಅದರಲ್ಲಿರುವುದು ಚಿನ್ನದ ಪುಡಿ ಎಂಬುದು ವಿದ್ವಾಂಸರ ಊಹೆ. ಹಿಂದೆ ಒಬ್ಬ ಕತ್ತೆ ಹೊಡೆದುಕೊಂಡು ಬರುತ್ತಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಕೊಡಲಿ. ಎರಡೂವರೆ ಸಾವಿರ ವರ್ಷದ ಹಿಂದಿನ ಆ ಅಡ್ಡೆ ನಮ್ಮ ಹಳ್ಳಿಗಳಲ್ಲಿ ನೀರು ಹೊರುತ್ತಿದ್ದ ಅಡ್ಡೆಯೇ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಪ್ರತಿ ಗುಂಪಿನ ಮುಖಂಡನನ್ನು ಆಸ್ಥಾನದ ಒಬ್ಬ ಅಧಿಕಾರಿ ಕೈ ಹಿಡಿದು ಕರೆದೊಯ್ಯುತ್ತಿದ್ದಾನೆ. ಈ ಸಾಲಿನಲ್ಲಿ ಸರಪಳಿ ಇಲ್ಲ, ತುಳಿಯುವ ಕಾಲಿಲ್ಲ. ಇಲ್ಲೇ 1933ರಲ್ಲಿ ಸಾವಿರಾರು ಮಣ್ಣಿನ ಫಲಕಗಳು ಸಿಕ್ಕವು. ಕೆಲಸಗಾರರಿಗೆ ಕೊಟ್ಟ ಪಡಿತರದ ಲೆಕ್ಕ ಅವು. ಹೆಂಗಸರಿಗೆ ಕೊಟ್ಟದ್ದೂ ಅದರಲ್ಲಿದೆ. ಹೆರಿಗೆಯಾದವರಿಗೆ ಹೆಚ್ಚುವರಿ ಕೊಟ್ಟದ್ದೂ ಇದೆ.

ನೆಲದಡಿಯ ಹೊಳೆ

ಇಷ್ಟು ಒಣ ಸೀಮೆಯಲ್ಲಿ ಇಂಥ ನಗರಗಳು ಹೇಗೆ ಬದುಕಿದವು? ಇದಕ್ಕೆ ಉತ್ತರ ಕನಾತ್. ಅದನ್ನೇ ಕಾರೆಜ್ ಎಂದೂ ಕರೆಯುತ್ತಾರೆ.

ಬೆಟ್ಟದ ಬುಡದಲ್ಲಿ ಹಿಮ ಕರಗಿದ ನೀರು ನೆಲದೊಳಗೆ ಇಂಗಿರುತ್ತದೆ. ಅಲ್ಲಿ ಮೊದಲು ಒಂದು ಆಳದ ಬಾವಿ ತೋಡುತ್ತಾರೆ. ಅದಕ್ಕೆ ‘ತಾಯಿ ಬಾವಿ’ ಎಂದೇ ಹೆಸರು. ಆ ನೀರಿನ ಮಟ್ಟದಿಂದ ಊರಿನ ಕಡೆಗೆ, ಬಹಳ ಕಡಿಮೆ ಇಳಿಜಾರಿನಲ್ಲಿ ಒಂದು ಸುರಂಗ ಕೊರೆಯುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ಮಣ್ಣು ಕೊಚ್ಚುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕಸುಬುದಾರನ ಜಾಣ್ಮೆಯೆಲ್ಲ ಈ ಲೆಕ್ಕದಲ್ಲಿದೆ. ನೆಲದ ಇಳಿಜಾರು ಸುರಂಗದ ಇಳಿಜಾರಿಗಿಂತ ಹೆಚ್ಚಿರುವುದರಿಂದ ಮುಂದೆಲ್ಲೋ ಸುರಂಗ ತಾನೇ ಮೇಲೆ ಬಂದು ಬಾಯಿ ಬಿಡುತ್ತದೆ. ಅಲ್ಲಿ ನೀರು ಕಾಲುವೆಯಾಗಿ ಹರಿಯುತ್ತದೆ. ಪಂಪು ಬೇಡ, ಎತ್ತು ಬೇಡ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಗುಂಡಿ ಇಳಿಸಿರುತ್ತಾರೆ, ಗಾಳಿ ಆಡಲಿ, ಮಣ್ಣು ಎತ್ತಲು ದಾರಿ ಇರಲಿ ಎಂದು. ವಿಮಾನದಿಂದ ನೋಡಿದರೆ ಆ ಗುಂಡಿಗಳು ಇರುವೆ ಗೂಡಿನ ಸಾಲಿನ ಹಾಗೆ ಕಾಣುತ್ತವೆ. ನೀರು ನೆಲದಡಿಯೇ ಹರಿಯುವುದರಿಂದ ಬಿಸಿಲಿಗೆ ಆರುವುದೂ ಇಲ್ಲ. ಗೊನಾಬಾದ್ ಊರಿನ ಕನಾತ್ ಸುಮಾರು 33 ಕಿ.ಮೀ. ಉದ್ದ. ಅದು ಈಗಲೂ ಹರಿಯುತ್ತಿದೆ. 2016ರಲ್ಲಿ ಇಂಥ ಹನ್ನೊಂದು ಕನಾತ್‌ಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬಂಟ್ವಾಳ, ಕಾಸರಗೋಡು ಕಡೆಯವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅವರ ಗುಡ್ಡದ ಸುರಂಗದ ನೀರಿನದೂ ಇದೇ ತತ್ವ. ಅಂಥ ಸುರಂಗಗಳನ್ನು ಒಬ್ಬರೇ ಕೊರೆದು ಬರಡು ಗುಡ್ಡದಲ್ಲಿ ತೋಟ ಮಾಡಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು.

ಯಜ್ದ್ ನಗರದಲ್ಲಿ ಕನಾತ್ ಜೊತೆಗೆ ಬಾದ್‌ಗೀರ್ ನೋಡಬೇಕು. ಬಾದ್ ಎಂದರೆ ಗಾಳಿ, ಗೀರ್ ಎಂದರೆ ಹಿಡಿಯುವುದು, ದಸ್ತಗಿರಿಯ ಅದೇ ‘ಗಿರಿ’. ಮನೆಯ ಮೇಲೆ ಎತ್ತರದ ಗೋಪುರ, ಅದರ ತುದಿಯಲ್ಲಿ ಸೀಳು ಕಿಂಡಿಗಳು. ಮೇಲೆ ಬೀಸುವ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ, ಕೆಲವೆಡೆ ನೀರಿನ ತೊಟ್ಟಿಯ ಮೇಲೆ ಹಾಯಿಸಿ, ಮನೆಯನ್ನು ತಂಪಾಗಿಡುವ ಉಪಾಯ. ಇದೇ ಊರಿನಲ್ಲಿ ಜರತುಷ್ಟ್ರ ಧರ್ಮದವರ, ಅಂದರೆ ನಮ್ಮ ಪಾರ್ಸಿಗಳ ಧರ್ಮದವರ, ಅಗ್ನಿಮಂದಿರ ಇದೆ. ಅಲ್ಲಿನ ಬೆಂಕಿ ಕ್ರಿ.ಶ. 470ರಿಂದ ಆರಿಲ್ಲ ಎಂಬುದು ಅವರ ನಂಬಿಕೆ. ಈಗಿನ ಕಟ್ಟಡ 1934ರದು, ಕಟ್ಟಲು ಭಾರತದ ಪಾರ್ಸಿಗಳು ಹಣ ಕೊಟ್ಟರು.

ಶಿಯಾ ಎಂದರೆ?

ಪೈಗಂಬರರ ನಂತರ ಸಮುದಾಯದ ನಾಯಕತ್ವ ಅವರ ಅಳಿಯ ಅಲಿ ಮತ್ತು ಅವರ ವಂಶಕ್ಕೆ ಸೇರಬೇಕಿತ್ತು ಎಂದು ನಂಬುವವರು ಶಿಯಾಗಳು. 1501ರಲ್ಲಿ ಸಫವಿ ದೊರೆ ಶಾ ಇಸ್ಮಾಯಿಲ್ ಇದನ್ನು ರಾಜಧರ್ಮ ಮಾಡಿದ. ಅದಕ್ಕೆ ಮುಂಚೆ ಅಲ್ಲಿ ಸುನ್ನಿಗಳೇ ಹೆಚ್ಚಿದ್ದರು. ಮೊಹರಂ ಅಲ್ಲಿ ಶೋಕದ ತಿಂಗಳು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನಲ್ಲಿ ಊರಿಗೆ ಊರೇ ಬೀದಿಗಿಳಿಯುತ್ತದೆ. ಉತ್ತರ ಕರ್ನಾಟಕದ ಅಲಾಯಿ ಕುಣಿತ, ರಿವಾಯತ ಪದಗಳ ಹಿಂದೆ ಇರುವುದೂ ಇದೇ ಕಥೆ. ಕ್ರೈಸ್ತ, ಯಹೂದಿ, ಜರತುಷ್ಟ್ರ ಧರ್ಮದವರಿಗೆ ಅಲ್ಲಿನ ಸಂಸತ್ತಿನಲ್ಲಿ ಮೀಸಲು ಸ್ಥಾನಗಳಿವೆ. ಇರಾನಿನಲ್ಲೇ ಹುಟ್ಟಿದ ಬಹಾಯಿ ಧರ್ಮದವರಿಗೆ ಆ ಮಾನ್ಯತೆ ಇಲ್ಲ.

ಆಳುವವರು ಯಾರು, ಜಗಳ ಯಾತಕ್ಕೆ?

ಅಲ್ಲಿ ಚುನಾವಣೆ ನಡೆಯುತ್ತದೆ. ಅಧ್ಯಕ್ಷರನ್ನು, ಸಂಸತ್ತನ್ನು ಜನ ಆರಿಸುತ್ತಾರೆ. ಆದರೆ ಯಾರು ಕಣಕ್ಕಿಳಿಯಬಹುದು ಎಂದು ಮೊದಲೇ ಜರಡಿ ಹಿಡಿಯುವ ಹನ್ನೆರಡು ಜನರ ಮಂಡಳಿ ಒಂದಿದೆ. ಇವೆಲ್ಲಕ್ಕೂ ಮೇಲೆ ಧರ್ಮಪಂಡಿತನಾದ ಸರ್ವೋಚ್ಚ ನಾಯಕ. ಸೈನ್ಯ, ನ್ಯಾಯಾಂಗ, ಸರ್ಕಾರಿ ಟಿ.ವಿ. ಅವನ ಕೈಯಲ್ಲಿ. ನಮ್ಮ ಊರಿನ ಪಂಚಾಯ್ತಿಗೆ ಮತ ಹಾಕುವುದು ನಾವೇ ಆದರೂ ನಾಮಪತ್ರ ಯಾರು ಸಲ್ಲಿಸಬಹುದೆಂದು ಬೇರೆಯವರು ತೀರ್ಮಾನಿಸಿದರೆ ಹೇಗೋ ಹಾಗೆ.

ಪಶ್ಚಿಮದ ಜೊತೆಗಿನ ಜಗಳ 1979ರಲ್ಲಿ ಶುರುವಾಯಿತು ಎಂದು ಅನೇಕರು ಅಂದುಕೊಂಡಿದ್ದಾರೆ. ಇರಾನಿಗಳ ಲೆಕ್ಕ 1953ರಿಂದ. ಚುನಾಯಿತ ಪ್ರಧಾನಿ ಮೊಸದ್ದೆಗ್ 1951ರಲ್ಲಿ ಬ್ರಿಟಿಷ್ ಕಂಪನಿಯ ಕೈಲಿದ್ದ ತೈಲವನ್ನು ರಾಷ್ಟ್ರೀಕರಣ ಮಾಡಿದರು. ಎರಡು ವರ್ಷದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರರು ಸೇರಿ ಅವರನ್ನು ಇಳಿಸಿದರು. ಅಮೆರಿಕದ ಸಿಐಎ ತನ್ನ ಪಾತ್ರವನ್ನು 2013ರಲ್ಲಿ ದಾಖಲೆ ಸಮೇತ ಒಪ್ಪಿಕೊಂಡಿತು. ಅಲ್ಲಿಂದ ಮುಂದೆ ರೆಜಾ ಶಾನ ಮಗ, ಆಗಿನ ದೊರೆ ಮೊಹಮ್ಮದ್ ರೆಜಾ ಶಾನ ಆಳ್ವಿಕೆ ಬಿಗಿಯಾಯಿತು, ಅದರ ವಿರುದ್ಧ 1979ರ ಕ್ರಾಂತಿ ಎದ್ದಿತು. ಕ್ರಾಂತಿಕಾರಿಗಳು ಅಮೆರಿಕದ ರಾಯಭಾರ ಕಚೇರಿಯ ಸಿಬ್ಬಂದಿಯನ್ನು 444 ದಿನ ಒತ್ತೆ ಇಟ್ಟುಕೊಂಡರು. ಅಮೆರಿಕನ್ನರ ಲೆಕ್ಕ ಶುರುವಾಗುವುದು ಅಲ್ಲಿಂದ. 1980ರಲ್ಲಿ ಇರಾಕ್ ದಾಳಿ ಮಾಡಿತು, ಎಂಟು ವರ್ಷ ಯುದ್ಧ. ಇರಾನಿನ ಊರೂರಿನ ಬೀದಿಗಳಲ್ಲಿ ಇಂದಿಗೂ ಕಾಣುವ ಹುತಾತ್ಮ ಯುವಕರ ಚಿತ್ರಗಳು ಹೆಚ್ಚಾಗಿ ಆ ಯುದ್ಧದವು. ಇರಾನಿನ ಅಣು ಕಾರ್ಯಕ್ರಮಕ್ಕೆ ಮಿತಿ ಹಾಕಿ ನಿರ್ಬಂಧ ಸಡಿಲಿಸುವ 2015ರ ಅಣು ಒಪ್ಪಂದದಿಂದ 2018ರಲ್ಲಿ ಅಮೆರಿಕ ಹೊರಬಂದ ಮೇಲೆ ಆರ್ಥಿಕ ನಿರ್ಬಂಧಗಳು ಮತ್ತೆ ಬಿಗಿಯಾದವು.

ತಲೆವಸ್ತ್ರದ ಎರಡು ಕಾನೂನು

1936ರಲ್ಲಿ ರೆಜಾ ಶಾ ಹೆಂಗಸರು ಪರದೆ ಹಾಕಬಾರದು ಎಂದು ಆಜ್ಞೆ ಮಾಡಿದ. ಪೊಲೀಸರು ಬೀದಿಯಲ್ಲಿ ಬಟ್ಟೆ ಕಿತ್ತರು. ಎಷ್ಟೋ ಹೆಂಗಸರು ಮನೆಯಿಂದ ಆಚೆ ಬರುವುದನ್ನೇ ಬಿಟ್ಟರು. ಕ್ರಾಂತಿಯ ನಂತರ, 1983ರಲ್ಲಿ, ಹಾಕದಿದ್ದರೆ ಶಿಕ್ಷೆ ಎಂಬ ಕಾನೂನು ಬಂತು. ಎರಡು ಸಲವೂ ಆಕೆಯನ್ನು ಯಾರೂ ಕೇಳಲಿಲ್ಲ. 2022ರ ಸೆಪ್ಟೆಂಬರಿನಲ್ಲಿ, ತಲೆವಸ್ತ್ರ ಸರಿಯಿಲ್ಲವೆಂದು ಹಿಡಿದೊಯ್ದಿದ್ದ 22 ವರ್ಷದ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ತೀರಿಕೊಂಡಳು. ದೇಶವಿಡೀ ಪ್ರತಿಭಟನೆ ಎದ್ದಿತು, ನೂರಾರು ಜನ ಸತ್ತರು. ಆಮೇಲೆ ಟೆಹ್ರಾನಿನಂಥ ನಗರಗಳಲ್ಲಿ ಬರಿತಲೆಯಲ್ಲಿ ಓಡಾಡುವ ಹೆಂಗಸರು ಬಹಳ ಕಾಣತೊಡಗಿದರು. ಪ್ರವಾಸಕ್ಕೆ ಹೋಗುವ ಹೆಂಗಸರಿಗೂ ಈ ಕಾನೂನು ಅನ್ವಯಿಸುತ್ತದೆ, ಆದ್ದರಿಂದ ಒಂದು ದುಪಟ್ಟಾ ಯಾವಾಗಲೂ ಜೊತೆಗಿರಬೇಕು. ಗಣಿತದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದ ಮೊದಲ ಮಹಿಳೆ ಮರಿಯಮ್ ಮಿರ್ಜಾಖಾನಿ ಹುಟ್ಟಿ ಓದಿದ್ದೂ ಇದೇ ಟೆಹ್ರಾನಿನಲ್ಲಿ.

ತಾರೋಫ್: ‘ದುಡ್ಡು ಬೇಡ’ ಎಂದರೆ

ಟ್ಯಾಕ್ಸಿ ಇಳಿದು ಎಷ್ಟಾಯಿತು ಎಂದು ಕೇಳಿದರೆ ಚಾಲಕ ಎದೆಗೆ ಕೈಯಿಟ್ಟು ‘ಘಾಬೆಲ್ ನದಾರೆ’ ಎನ್ನಬಹುದು. ನಿಮ್ಮ ಮುಂದೆ ಇದು ಯಾವ ಲೆಕ್ಕ ಎಂಬ ಅರ್ಥ. ಹೌದೆಂದು ನಂಬಿ ಹೊರಟುಬಿಟ್ಟರೆ ಪಾಪ ಅವನಿಗೆ ನಷ್ಟ. ಇದಕ್ಕೆ ತಾರೋಫ್ ಎನ್ನುತ್ತಾರೆ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಊಟ ಮಾಡ್ಕೊಂಡು ಹೋಗಿ’ ಎಂದಾಗ ‘ಅಯ್ಯೋ ಬೇಡ, ಈಗಷ್ಟೇ ಆಯ್ತು’ ಎಂದು ಎರಡು ಸಲ ಹೇಳಿ, ಮೂರನೇ ಸಲ ಕೈ ತೊಳೆಯಲು ಎದ್ದವರು ನಾವು. ಅಲ್ಲೂ ಲೆಕ್ಕ ಹೀಗೇ. ಎರಡು ಮೂರು ಸಲ ಒತ್ತಾಯ ಮಾಡಿ ಕೊಡಿ, ತೆಗೆದುಕೊಳ್ಳುತ್ತಾರೆ. ಆಮೇಲೂ ಬೇಡವೇ ಬೇಡ ಎಂದರೆ ಅದು ನಿಜವಾದ ಪ್ರೀತಿ.

ಮನೆಗೆ ಕರೆದರೆ ಮೊದಲು ಬರುವುದು ಚಹಾ. ಸಕ್ಕರೆಯ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಹಾಲಿಲ್ಲದ ಚಹಾವನ್ನು ಅದರ ಮೇಲಿಂದ ಹೀರುತ್ತಾರೆ. ಊಟದಲ್ಲಿ ಪಾತ್ರೆಯ ತಳ ಹಿಡಿದ ಅನ್ನಕ್ಕೆ ತಹ್‌ದೀಗ್ ಎಂದು ಹೆಸರು. ನಮ್ಮಲ್ಲಿ ಕೆರೆದು ಬಿಸಾಡುವ ಆ ಗರಿಗರಿ ಪದರವೇ ಅಲ್ಲಿ ಅತಿಥಿಗೆ ಮೊದಲು ಬಡಿಸುವ ತುಂಡು. ಮಾಂಸ ತಿನ್ನದವರಿಗೆ ಹೋಟೆಲುಗಳಲ್ಲಿ ಕಷ್ಟವೇ. ಬದನೆಕಾಯಿಯ ಪದಾರ್ಥ, ಮೊಸರು, ನಾನ್, ಸೊಪ್ಪು ಹುಡುಕಿಕೊಳ್ಳಬೇಕು. ಅಡುಗೆ ಮಾಡಿದವರಿಗೆ ಹೇಳುವ ಮಾತು ‘ದಸ್ತೆ ಶೊಮಾ ದರ್ದ್ ನಕೊನೆ’. ನಿಮ್ಮ ಕೈ ನೋಯದಿರಲಿ ಎಂದರ್ಥ.

ದುಡ್ಡು ಮತ್ತು ದಿನಾಂಕ

ನೋಟಿನ ಮೇಲೆ ಇರುವುದು ರಿಯಾಲ್, ಜನರ ಬಾಯಲ್ಲಿರುವುದು ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಇದರ ಮೇಲೆ ‘ಸಾವಿರ’ ಎಂಬ ಮಾತನ್ನೂ ನುಂಗುತ್ತಾರೆ. ಅಂಗಡಿಯವರು ಐವತ್ತು ಎಂದರೆ ಐವತ್ತು ಸಾವಿರ ತೊಮಾನ್, ಅಂದರೆ ಐದು ಲಕ್ಷ ರಿಯಾಲ್. ನಾಣ್ಯ ಹೋಗಿ ದಶಕಗಳಾದ ಮೇಲೂ ನಮ್ಮ ಹಿರಿಯರು ಎಂಟಾಣೆ ಎನ್ನುತ್ತಿದ್ದರಲ್ಲ, ಹಾಗೆ. ಅಂಕಿಗಳೂ ಬೇರೆ. ಅಲ್ಲಿನ ಐದು ತಲೆಕೆಳಗಾದ ಹೃದಯದ ಹಾಗಿರುತ್ತದೆ. ಹತ್ತು ಅಂಕಿ ಕಲಿಯಲು ಅರ್ಧ ಗಂಟೆ ಸಾಕು, ಕಲಿತರೆ ಮೋಸ ಹೋಗುವುದಿಲ್ಲ.

ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ಅಮೆರಿಕದವು, ನಿರ್ಬಂಧದ ಕಾರಣ ಇರಾನಿನ ಬ್ಯಾಂಕುಗಳು ಅವುಗಳ ಜಾಲದಲ್ಲಿಲ್ಲ. ರೈಲು ಇದೆ, ಆದರೆ ಆ ಊರಿಗೆ ಹಳಿ ಹಾಕಿಲ್ಲ ಎಂದುಕೊಳ್ಳಿ. ಡಾಲರ್ ಅಥವಾ ಯೂರೊ ನಗದು ಒಯ್ದು ಅಲ್ಲಿ ಬದಲಾಯಿಸಬೇಕು. ಅನೇಕ ಜಾಲತಾಣ, ಆ್ಯಪ್‌ಗಳಿಗೂ ಅಲ್ಲಿ ತಡೆ ಇದೆ.

ಬಿಸ್ಕತ್ತಿನ ಪೊಟ್ಟಣದ ಮೇಲೆ 1404 ಎಂದು ಕಂಡರೆ ಗಾಬರಿಯಾಗಬೇಡಿ. ಅದು 2025ರ ಮಾರ್ಚಿನಲ್ಲಿ ಶುರುವಾದ ಇರಾನಿ ವರ್ಷ. ಅಲ್ಲಿನದು ಸೌರಮಾನ. ಹಗಲು-ರಾತ್ರಿ ಸಮವಾಗುವ ಕ್ಷಣದಲ್ಲಿ, ನಿಮಿಷ ಲೆಕ್ಕ ಹಾಕಿ, ಹೊಸ ವರ್ಷ ಶುರುವಾಗುತ್ತದೆ. ಆ ಹಬ್ಬ ನೌರೂಜ್. ಇಸ್ಲಾಮಿಗಿಂತ ಹಳೆಯದು. ಬೇವು-ಬೆಲ್ಲದ ಜಾಗದಲ್ಲಿ ಅಲ್ಲಿ ‘ಸ’ಕಾರದಿಂದ ಶುರುವಾಗುವ ಏಳು ವಸ್ತು ಇಡುತ್ತಾರೆ: ಸೇಬು, ಬೆಳ್ಳುಳ್ಳಿ, ವಿನೆಗರ್, ಮೊಳಕೆ ಗೋಧಿ ಹೀಗೆ. ಫಾರ್ಸಿಯಲ್ಲಿ ಇವುಗಳ ಹೆಸರು ಸೀಬ್, ಸೀರ್, ಸೆರ್ಕೆ, ಸಬ್ಜೆ. ಹದಿಮೂರನೇ ದಿನ ಎಲ್ಲರೂ ಮನೆ ಬಿಟ್ಟು ಹೊಲ, ತೋಪು ಸೇರುತ್ತಾರೆ. ಆ ಎರಡು ವಾರ ಬಸ್ಸು, ರೈಲು, ಹೋಟೆಲಿನಲ್ಲಿ ಜಾಗ ಸಿಗುವುದು ಕಷ್ಟ.

ಈಗ ಹೋಗಬಹುದೇ?

2024ರ ಫೆಬ್ರುವರಿಯಿಂದ ಭಾರತೀಯರು ವಿಮಾನದಲ್ಲಿ ಹೋದರೆ ಹದಿನೈದು ದಿನ ವೀಸಾ ಇಲ್ಲದೆ ಇರಬಹುದಿತ್ತು. ಕೆಲಸ ಕೊಡಿಸುತ್ತೇವೆಂದು ನಂಬಿಸಿ ಕರೆಸಿಕೊಂಡು, ಅಲ್ಲಿ ಅಪಹರಿಸಿ ಮನೆಯವರಿಂದ ಹಣ ಕೀಳುವ ದಂಧೆ ಬೆಳಕಿಗೆ ಬಂದ ಮೇಲೆ 2025ರ ನವೆಂಬರ್ 22ರಿಂದ ಆ ಸೌಲಭ್ಯ ನಿಂತಿತು. ಪಾಸ್‌ಪೋರ್ಟಿನಲ್ಲಿ ಇಸ್ರೇಲಿನ ಮುದ್ರೆ ಇದ್ದರೆ ಒಳಗೆ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಯುದ್ಧದ ಮೋಡ ಕವಿದಿರುವಾಗ ಯಾವ ಪ್ರವಾಸಿ ಪುಸ್ತಕದ ಮಾತೂ ಬೇಡ. ನಮ್ಮ ವಿದೇಶಾಂಗ ಸಚಿವಾಲಯದ ಆ ದಿನದ ಸೂಚನೆಯನ್ನು ನೋಡಿ ಅದರಂತೆ ನಡೆಯಬೇಕು. ಹೋಗಬೇಡಿ ಎಂದಿದ್ದರೆ ಹೋಗಬಾರದು.

ಆದರೆ ಬೀದರ್‌ಗೆ ಹೋಗಲು ಯಾರ ವೀಸಾವೂ ಬೇಡ. ಬೆಂಗಳೂರಿನಿಂದ ಒಂದು ರಾತ್ರಿಯ ರೈಲು. ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಅಲ್ಲಿದೆ. ಕಟ್ಟಡದ ಒಂದು ಭಾಗ ಸಿಡಿಮದ್ದಿನ ಸ್ಫೋಟದಲ್ಲಿ ಹೋಯಿತು, ಎರಡು ಮಿನಾರಗಳಲ್ಲಿ ಒಂದೇ ಉಳಿದಿದೆ. ಬೆಳಗ್ಗೆ ಬಿಸಿಲು ಏರುವ ಮುಂಚೆ ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ. ಹೆಚ್ಚಿನ ಹೆಂಚು ಉದುರಿಹೋಗಿದೆ. ಅಲ್ಲಲ್ಲಿ ಉಳಿದಿರುವ ನೀಲಿ, ಹಳದಿ, ಬಿಳಿ ಚೂರುಗಳು ಇರಾನಿನ ಮಸೀದಿಗಳ ಮೇಲೆ ಹೊಳೆಯುವ ಅದೇ ಬಣ್ಣದವು. ಅಲ್ಲಿಂದ ನೌಬಾದ್ ಕಡೆಗೆ ಹೊರಟರೆ ಬಹಮನಿ ಕಾಲದ ಕಾರೆಜ್ ಸಿಗುತ್ತದೆ. ಊರವರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಜಂಬಿಟ್ಟಿಗೆ ಕೊರೆದ ಗುಂಡಿಯ ಅಂಚಿಗೆ ಬಂದು ಬಗ್ಗಿದರೆ ತಣ್ಣನೆಯ ಗಾಳಿ ಮುಖಕ್ಕೆ ಬಡಿಯುತ್ತದೆ, ಕೆಳಗೆ ಕತ್ತಲಲ್ಲಿ ನೀರಿನ ದಾರಿ.